ಎರಡರ ನಡುವಿನ ಎತ್ತರ

ಮಾರ್ಚ್ ೩, ಸೋಮವಾರ

ನಾಳೆಯಿಂದ ನನ್ನ ಅಡುಗೆಮನೆಯ ಕೆಲಸ ಶುರು! ನನ್ನ! ಈ ಪದವನ್ನು ಇಲ್ಲಿ ಎಷ್ಟು ಸಲ ಬರೆದರೂ ಯಾರೂ ಕೇಳುವವರಿಲ್ಲ, ಆದ್ದರಿಂದ ಇನ್ನೊಮ್ಮೆ: ನನ್ನ ಅಡುಗೆಮನೆ.

ಓದಿದ್ದೆಲ್ಲ ಇಂಗ್ಲಿಷಿನಲ್ಲಾದರೂ ದಿನಚರಿ ಮಾತ್ರ ಕನ್ನಡದಲ್ಲೇ ಎಂದು ಮದುವೆಯ ಮರುದಿನವೇ ತೀರ್ಮಾನಿಸಿದ್ದೆ. ಇಂಗ್ಲಿಷಿನಲ್ಲಿ ಬರೆದರೆ ಎಂಥ ಸುಖವೂ ರಜೆ ಅರ್ಜಿಯ ಹಾಗೆ ಕಾಣುತ್ತದೆ. ಕನ್ನಡದಲ್ಲಿ ನನ್ನ ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಬೀಳಲಿ, ಸದ್ಯ ನಾನೂ ಹಾಗೇ ತೂರಾಡಿಕೊಂಡು ಇದ್ದೇನೆ.

ಇದು ನನ್ನ ರಾಜ ಕೊಡುತ್ತಿರುವ ಮದುವೆಯ ಉಡುಗೊರೆ. ('ನನ್ನ ರಾಜ' ಇಲ್ಲಿ ಮಾತ್ರ. ಎದುರಿಗೆ "ರೀ" ಅನ್ನುತ್ತೇನೆ, ಅಂದಾಗಲೆಲ್ಲ ನನಗೇ ನಗು ಬರುತ್ತದೆ.) ಬೇರೆಯವರ ಗಂಡಂದಿರು ಸರ ಕೊಡುತ್ತಾರೆ, ಉಂಗುರ ಕೊಡುತ್ತಾರೆ. ನನ್ನವರು ಕ್ಯಾಬಿನೆಟ್ಟು ಕೊಡುತ್ತಿದ್ದಾರೆ! ಬಟಾಣಿ ಹಸಿರು ಬಣ್ಣದ್ದು!

ಅಳತೆಯ ದಿನ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮದುವೆಗೆ ಮುಂಚೆ ಒಂದು ಸಂಜೆ ನನ್ನನ್ನು ಈ ಮನೆಗೆ ಕರೆತಂದಿದ್ದರು. ಕಂಪನಿಯ ಅಳತೆಗಾರ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಅಡುಗೆ ಮಾಡೋರು ಯಾರು? ಬನ್ನಿ, ಗೋಡೆ ಪಕ್ಕ ನಿಂತ್ಕೊಳ್ಳಿ, ಮೊಣಕೈ ಮಡಚಿ," ಅಂದ. ಅಡುಗೆ ಕಟ್ಟೆ ಮೊಣಕೈಗಿಂತ ಅಂಗೈಯಗಲ ಕೆಳಗಿರಬೇಕಂತೆ. ಮೇಲಿನ ಕ್ಯಾಬಿನೆಟ್ಟಿನ ಮೊದಲ ಹಲಗೆ ಹಿಮ್ಮಡಿ ಎತ್ತದೆ ಕೈಗೆ ಸಿಗಬೇಕಂತೆ. ನಾನು ನಿಂತೆ, ಅವನು ಗೆರೆ ಎಳೆದ. ಬಟ್ಟೆ ಹೊಲಿಸಲು ಅಳತೆ ಕೊಟ್ಟಿದ್ದೇನೆ, ಗೋಡೆಗೆ ಕೊಟ್ಟಿದ್ದು ಅದೇ ಮೊದಲು! ನನ್ನ ರಾಜ ಬಾಗಿಲಿಗೆ ಒರಗಿ ನೋಡುತ್ತಾ, "ಇದು ನಿನ್ನ ಅಡುಗೆಮನೆ. ನೀನು ಹೇಗೆ ಅಂತೀಯೋ ಹಾಗೆ," ಅಂದರು. ನಾನು ಅಲ್ಲೇ ಕರಗಿಹೋದೆ.

ನನಗೆ ಅಡುಗೆ ಬರುವುದಿಲ್ಲ ಎಂಬುದು ಸಣ್ಣ ವಿಷಯ. ಕ್ಯಾಬಿನೆಟ್ಟು ಬಂದ ಮೇಲೆ ಅದೂ ಬರುತ್ತದೆ.

ಕಂಪನಿಯವರು ಒಂದು ಪುಸ್ತಿಕೆ ಕೊಟ್ಟಿದ್ದಾರೆ: 'ಜೋಡಣೆಯ ದಿನಗಳಲ್ಲಿ ಏನನ್ನು ನಿರೀಕ್ಷಿಸಬಹುದು'. ಮೂರು ದಿನದಲ್ಲಿ ಕೆಲಸ ಮುಗಿಯುತ್ತದೆ, ಧೂಳು ಕನಿಷ್ಠ, ಸದ್ದು ಅಲ್ಪ. ಮುಖಪುಟದಲ್ಲಿ ಬಿಳಿ ಬಟ್ಟೆಯ ಒಬ್ಬಳು ಹೊಸ ಡ್ರಾಯರ್ ನೋಡಿ ನಗುತ್ತಿದ್ದಾಳೆ. ಡ್ರಾಯರ್ ನೋಡಿ ಅಷ್ಟು ನಗುವವಳನ್ನು ನಾನು ಇದುವರೆಗೆ ಕನ್ನಡಿಯಲ್ಲಿ ಮಾತ್ರ ನೋಡಿದ್ದೆ.

ಬುಧವಾರ ಅತ್ತೆ ಬರುತ್ತಾರೆ. "ಕೆಲಸದವರು ಬಂದಾಗ ನೀನೊಬ್ಬಳೇ ಇರೋದು ಬೇಡ, ಅಮ್ಮ ಸ್ವಲ್ಪ ದಿನ ಜೊತೆಗಿರ್ತಾರೆ," ಅಂದರು ನನ್ನ ರಾಜ. ಎಂಥ ಕಾಳಜಿ! ಇವರ ಕೆಲಸವೇ ಅಂಥದ್ದು. ಬಸ್ ಕಂಪನಿಯಲ್ಲಿ ದೂರು ಕೇಳುವ ಕೌಂಟರಿನಲ್ಲಿ ಕೂರುತ್ತಾರೆ. ಕಿರುಚುತ್ತಾ ಬಂದವರು ನಗುತ್ತಾ ಹೋಗುತ್ತಾರಂತೆ. ಇಂಥ ಗಂಡನ ಜೊತೆ ಜಗಳ ಆಡುವುದಾದರೂ ಹೇಗೆ?

ಮಾರ್ಚ್ ೪, ಮಂಗಳವಾರ

ಹಳೆಯ ಹಲಗೆಗಳನ್ನು ಕಿತ್ತರು. ಪುಸ್ತಿಕೆಯ 'ಕನಿಷ್ಠ ಧೂಳು' ಈಗ ನನ್ನ ರೆಪ್ಪೆಯ ಮೇಲೆ, ಹಾಸಿಗೆಯ ಮೇಲೆ, ಮದುವೆಯ ಫೋಟೋದ ಮೇಲೆ ಕೂತಿದೆ. ಫೋಟೋದಲ್ಲಿ ನಾವಿಬ್ಬರೂ ಮುದುಕರಾದ ಹಾಗೆ ಕಾಣುತ್ತೇವೆ. ಎಷ್ಟು ಚೆನ್ನಾಗಿತ್ತು ಗೊತ್ತಾ! ಒರೆಸಲು ಮನಸ್ಸಾಗಲಿಲ್ಲ.

ಫಿಟ್ಟರಿಗೆ ನಾನು 'ಕೆಂಪುಗೆರೆ' ಎಂದು ಹೆಸರಿಟ್ಟಿದ್ದೇನೆ. ಅವರ ಬಳಿ ಒಂದು ಯಂತ್ರ ಇದೆ, ನೆಲದ ಮೇಲಿಟ್ಟರೆ ಗೋಡೆಯ ಉದ್ದಕ್ಕೂ ಕೆಂಪು ಬೆಳಕಿನ ಗೆರೆ ಎಳೆಯುತ್ತದೆ. ಆ ಗೆರೆಯನ್ನು ತಾವೇ ಸೃಷ್ಟಿಸಿದವರ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ.

"ನೋಡಿ ಮೇಡಂ, ನಿಮ್ಮ ಗೋಡೆ ಸೊಟ್ಟ."

"ಅಯ್ಯೋ! ಈಗೇನು ಮಾಡೋದು?"

"ಏನೂ ಇಲ್ಲ. ಎಲ್ಲರ ಮನೇಲೂ ಸೊಟ್ಟನೇ. ನಾವು ಬಂದು ಹೇಳೋವರೆಗೂ ಯಾರಿಗೂ ಗೊತ್ತಿರಲ್ಲ. ಹೇಳಿದ ಮೇಲೆ ದಿನಾ ಕಾಣುತ್ತೆ."

ಒಲೆ ಈಗ ಹಾಲಿನಲ್ಲಿ, ಟಿವಿಯ ಮುಂದೆ. ಒಂದೇ ಒಂದು ಕರೆಂಟಿನ ಒಲೆ. ಪಾತ್ರೆ ಬಚ್ಚಲಲ್ಲಿ ತೊಳೆಯಬೇಕು. ರಾತ್ರಿಗೆ ಬ್ರೆಡ್ಡು, ಮೊಟ್ಟೆ. ಮೊಟ್ಟೆಯಲ್ಲಿ ಸ್ವಲ್ಪ ಗೋಡೆಯೂ ಇತ್ತು. ನನ್ನ ರಾಜ "ಚೆನ್ನಾಗಿದೆ" ಅಂದರು. ಎಲ್ಲಕ್ಕೂ ಹಾಗೇ ಅನ್ನುತ್ತಾರೆ, ದೇವರಂಥವರು.

ಮಾರ್ಚ್ ೫, ಬುಧವಾರ

ಅತ್ತೆ ಬಂದರು. ಸ್ವಲ್ಪ ದಿನಕ್ಕೆ ಬಂದವರು ಕುಕ್ಕರು, ಮಿಕ್ಸಿ, ಹೊಲಿಗೆ ಯಂತ್ರ, ಮಡಚುವ ಮಂಚ, ಚಳಿಗಾಲದ ರಗ್ಗು ಎಲ್ಲ ತಂದಿದ್ದಾರೆ. ಈ ಬಿಸಿಲಲ್ಲಿ ರಗ್ಗು! ಎಷ್ಟು ಮುಂದಾಲೋಚನೆ ನೋಡಿ. ಹಾಲಿನಲ್ಲಿ ಈಗ ನಡೆದಾಡಲು ಇರುವುದು ಒಂದು ಕಾಲುದಾರಿ.

ಪುಟ್ಟ ಹೆಂಗಸು, ನನ್ನ ಭುಜಕ್ಕೂ ಬರುವುದಿಲ್ಲ. ಮದುವೆಯಲ್ಲಿ ನಮ್ಮಿಬ್ಬರನ್ನು ಒಟ್ಟಿಗೆ ನಿಲ್ಲಿಸಿದಾಗ ಫೋಟೋದವನು ಹಿಂದೆ ಹಿಂದೆ ಹೋಗಿ ಗೋಡೆಗೆ ತಾಗಿದ್ದ. ನಾನು ಮತ್ತು ನನ್ನ ರಾಜ ಮಾತ್ರ ಹೆಚ್ಚು ಕಡಿಮೆ ಒಂದೇ ಎತ್ತರ. ಹೆಚ್ಚು ನಾನು, ಕಡಿಮೆ ಅವರು, ಒಂದು ಗೇಣು, ಅಷ್ಟೆ.

ಅತ್ತೆ ಚಪ್ಪಲಿ ಬಿಟ್ಟವರೇ ಸೀದಾ ಅಡುಗೆಮನೆಗೆ ಹೋಗಿ ಬೋಳು ಗೋಡೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೆಂಪುಗೆರೆಯವರಿಗೆ, "ಕಪಾಟಿನ ಬಾಗಿಲು ಎಡಕ್ಕೆ ತೆಗೆಯೋ ಹಾಗಿರ್ಲಿ. ನನಗೆ ಬಲಗೈ ನೋವು," ಅಂದರು.

"ಆಯ್ತಮ್ಮ," ಅಂದರು ಅವರು.

ಸ್ವಲ್ಪ ದಿನಕ್ಕೆ ಬಂದವರ ಬಲಗೈ ನೋವಿಗೆ ನನ್ನ ಬಾಗಿಲು ಯಾಕೆ ಎಡಕ್ಕೆ ತೆಗೆಯಬೇಕು? ಕೇಳಲಿಲ್ಲ. ಹಿರಿಯರು, ಏನೋ ಅಂದಿರುತ್ತಾರೆ.

ಮಾರ್ಚ್ ೭, ಶುಕ್ರವಾರ

ಎಲ್ಲಿಂದ ಶುರು ಮಾಡಲಿ ತಿಳಿಯುತ್ತಿಲ್ಲ. ಆದರೂ ಕ್ರಮವಾಗಿ ಬರೆಯುತ್ತೇನೆ.

ನಿನ್ನೆ ರಟ್ಟಿನ ಪೆಟ್ಟಿಗೆಗಳು ಬಂದವು. ಇವತ್ತು ಕೆಳಗಿನ ಕ್ಯಾಬಿನೆಟ್ಟುಗಳನ್ನು ಸಾಲಾಗಿ ನಿಲ್ಲಿಸಿ, ಕಾಲುಗಳ ತಿರುಪು ತಿರುಗಿಸಿ, ರಸಮಟ್ಟ ಇಟ್ಟು ನೋಡಿ, ಮೇಲೆ ಕಟ್ಟೆಯ ಕಲ್ಲು ಕೂರಿಸಿದರು. ಹಸಿರು ಎಷ್ಟು ಚೆಂದ! ಓಡಿಹೋಗಿ ತರಕಾರಿ ಹೆಚ್ಚುವ ಹಾಗೆ ನಿಂತೆ. ಬೆನ್ನು ಬಗ್ಗಿತು. ಬೆನ್ನು ಬಗ್ಗಬಾರದಲ್ಲ? ಅಳತೆ ಕೊಟ್ಟಿದ್ದೇನಲ್ಲ?

"ಇದು ತಗ್ಗಾಯ್ತು," ಅಂದೆ.

ನನ್ನ ಹಿಂದೆ ಅತ್ತೆಯ ದನಿ: "ತಗ್ಗಾ? ನನಗೆ ಎತ್ತರ ಆಯ್ತಲ್ಲ. ನನ್ನನ್ನ ನಿಲ್ಲಿಸಿ ಗೆರೆ ಎಳೆದಾಗ ಇನ್ನೂ ಕೆಳಗಿತ್ತು."

"ನಿಮ್ಮನ್ನ ನಿಲ್ಲಿಸಿದಾಗ?"

"ಹೂಂ ಕಣೇ. ಮದುವೆಗೆ ಮುಂಚೆ ಕರ್ಕೊಂಡು ಬಂದಿದ್ದ. ಮೊಣಕೈ ಮಡಚಿ ಅಂದ್ರು. ಇದು ನಿನ್ನ ಅಡುಗೆಮನೆ ಅಮ್ಮ, ನೀನು ಹೇಗೆ ಅಂತೀಯೋ ಹಾಗೆ ಅಂದ."

ನಾನು ಅತ್ತೆಯನ್ನು ನೋಡಿದೆ. ಅತ್ತೆ ನನ್ನನ್ನು ನೋಡಿದರು. ಕೆಂಪುಗೆರೆ ನಮ್ಮಿಬ್ಬರನ್ನೂ ನೋಡಿ, ನಕ್ಷೆ ನೋಡಿ, ಅಳತೆಗಾರನಿಗೆ ಫೋನು ಮಾಡಿ, ಬಹಳ ಖುಷಿಯಿಂದ ಸುದ್ದಿ ಹೇಳಿದರು: "ಸರಿಯಾಗೇ ಇದೆ ಮೇಡಂ! ಗೋಡೆ ಮೇಲೆ ಎರಡು ಗುರುತು ಇತ್ತಂತೆ. ಯಾವುದು ತಗೊಳ್ಳೋದು ಅಂತ ಕೇಳಿದ್ದಕ್ಕೆ ಸರ್ ಎರಡರ ಮಧ್ಯಕ್ಕೆ ತಗೊಳ್ಳಿ ಅಂದ್ರಂತೆ."

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನಕ್ಕೆ ಎಷ್ಟೋ ಜನರ ಕಣ್ಣು ನೋಡುತ್ತೇನೆ. ಇಬ್ಬರ ನಂಬರು ಕೂಡಿಸಿ ಎರಡರಿಂದ ಭಾಗಿಸಿ ಇಬ್ಬರಿಗೂ ಅದೇ ಕನ್ನಡಕ ಕೊಟ್ಟರೆ ಇಬ್ಬರೂ ಹೊಸಿಲು ಎಡವಿ ಬೀಳುತ್ತಾರೆ. ಇದು ಬಸ್ ಕಂಪನಿಯವರಿಗೆ ಗೊತ್ತಿಲ್ಲವೇ?

ಕೆಟ್ಟ ಸುದ್ದಿ ಇದಲ್ಲ. ಕೆಲಸದವರು ಊಟಕ್ಕೆ ಹೋದಾಗ ಅತ್ತೆ ತಮ್ಮ ಮಂಚದ ಅಂಚಿನಲ್ಲಿ ಕೂತು ಹೇಳಿದರು. ಇಷ್ಟು ವರ್ಷ ಇದ್ದ ಬಾಡಿಗೆ ಮನೆಯ ಕೀಲಿ ವಾಪಸು ಕೊಟ್ಟು ಬಂದಿದ್ದಾರೆ. ಇನ್ನು ಇಲ್ಲೇ ಅಂತ ಮಗ ಹೇಳಿದ್ದನಂತೆ, ನನಗೂ ಗೊತ್ತು ಅಂತಲೂ ಹೇಳಿದ್ದನಂತೆ. ಇಲ್ಲಿ ಆಗದಿದ್ದರೆ ಉಳಿದದ್ದು ನಾದಿನಿಯ ಮನೆ. ಅಲ್ಲಿ ನಾದಿನಿಯ ಅತ್ತೆ, ಮಾವ, ಮೈದುನ ಎಲ್ಲ ಸೇರಿ ಮಲಗುವ ಜಾಗಕ್ಕೇ ಪಾಳಿ.

"ನಿನಗೆ ಗೊತ್ತಿರ್ಲಿಲ್ವಾ?" ಅಂತ ಕೇಳಿದರು.

"ಗೊತ್ತಿತ್ತು ಅತ್ತೆ," ಅಂದೆ. ಯಾಕೆ ಹಾಗಂದೆನೋ.

ಅಂದರೆ ಇದು ನನ್ನ ಅಡುಗೆಮನೆ ಅಲ್ಲ. ಇದು ನನ್ನ ಮನೆಯೂ ಅಲ್ಲ. ಎಲ್ಲದರಲ್ಲೂ ನನಗೆ ಅರ್ಧ.

ಮಾರ್ಚ್ ೮, ಶನಿವಾರ

"ಇಬ್ಬರಿಗೂ ಬೇಜಾರಾಗಬಾರದು ಅಂತ ಕಣೇ." ಇದು ನನ್ನ ಗಂಡನ ವಿವರಣೆ, ಪೂರ್ತಿ.

"ಈಗ ಇಬ್ಬರಿಗೂ ಆಗಿದೆಯಲ್ಲ?"

"ನಿನ್ನ ತೊಂದರೆ ನನಗೆ ಅರ್ಥ ಆಗುತ್ತೆ," ಅಂದರು.

ಅವರ ಕೌಂಟರಿನಿಂದ ಜನ ನಗುತ್ತಾ ಹೋಗುತ್ತಾರೆ ಸರಿ. ಆ ಜನರ ಬಸ್ಸು ಬಂತೇ ಅಂತ ನಾನು ಕೇಳಿಯೇ ಇರಲಿಲ್ಲ.

ಮಾರ್ಚ್ ೧೦, ಸೋಮವಾರ

ಇನ್ನೂ ಒಂದು ಅವಕಾಶ ಇದೆ! ಕಟ್ಟೆ ಕೂತಾಯಿತು, ಅದು ಹೋಗಲಿ. ಆದರೆ ಮೇಲಿನ ಕ್ಯಾಬಿನೆಟ್ಟುಗಳನ್ನು ಗೋಡೆಗೆ ಇನ್ನೂ ಹೊಡೆದಿಲ್ಲ. ಒಮ್ಮೆ ತೂತು ಕೊರೆದರೆ ಮುಗಿಯಿತು. ಅದಕ್ಕೆ ಮುಂಚೆ ಹೇಳಿದರೆ ಮೇಲೆ ಅಥವಾ ಕೆಳಗೆ ಜರುಗಿಸಬಹುದಂತೆ. ಒಂದು ಸಾಲು ಕ್ಯಾಬಿನೆಟ್ಟಾದರೂ ನನ್ನ ಎತ್ತರಕ್ಕಿರಲಿ. ಯಾರದು ಈ ಮನೆ ಎಂದು ಬಂದವರಿಗೆ ಗೊತ್ತಾಗಲಿ. ಹಾಗಾದರೆ ಅತ್ತೆಯೂ ತಾವಾಗಿಯೇ ಯೋಚಿಸಬಹುದು. ಯಾವಾಗ ಹೊರಡುತ್ತೀರಿ ಎಂದು ನಾನಾಗಿ ಬಾಯಿಬಿಟ್ಟು ಕೇಳುವುದು ಚೆನ್ನಾಗಿರುವುದಿಲ್ಲ.

ಬೆಳಿಗ್ಗೆ ಬೇಗನೆ ಎದ್ದು ಕರೆಂಟಿನ ಒಲೆ ಹಿಡಿಯೋಣ ಅಂದುಕೊಂಡೆ. ಅತ್ತೆ ಆಗಲೇ ಅದರ ಮುಂದೆ ಕೂತಿದ್ದರು.

"ನೀನು ಮಲಕ್ಕೊಳ್ಳಬಾರದಾ? ಹೊಸ ಹುಡುಗಿ."

"ನೀವು ಮಲಕ್ಕೊಳ್ಳಬಾರದಾ ಅತ್ತೆ? ಕೈ ನೋವು ಬೇರೆ."

"ನನಗೆ ಅಭ್ಯಾಸ."

"ನನಗೂ ಅಭ್ಯಾಸ ಆಗಬೇಕಲ್ಲ."

ಹೀಗೆ ನಗುನಗುತ್ತಾ ಒಬ್ಬರನ್ನೊಬ್ಬರು ಒಲೆಯಿಂದ ತಳ್ಳಿದೆವು. ಕೊನೆಗೆ ಚಹಾ ಉಕ್ಕಿ ಟಿವಿಯ ವೈರಿನ ಮೇಲೆ ಬಿತ್ತು.

ಕೆಂಪುಗೆರೆ ಬಂದ ಕೂಡಲೇ ನಾನು ಪಕ್ಕಕ್ಕೆ ಕರೆದು, "ಮೇಲೆ ಹಾಕಿ," ಅಂದೆ. ಬಚ್ಚಲಿಂದ ಬರುವಷ್ಟರಲ್ಲಿ ಅತ್ತೆ ಅವರನ್ನು ಇನ್ನೊಂದು ಪಕ್ಕಕ್ಕೆ ಕರೆದಿದ್ದರು. ಅವರು ಡ್ರಿಲ್ ಕೆಳಗಿಟ್ಟು, "ಎರಡು ಕಡೆಯಿಂದಲೂ ಕಿವಿ ಹಿಂಡಿದ್ರೆ ನಾನು ಗೋಡೆ ಕೊರೆಯೋದು ಹೇಗೆ? ಸರ್‌ನೇ ಕೇಳ್ತೀನಿ," ಎಂದು ಫೋನು ಮಾಡಿದರು. ಕೈಯೆಲ್ಲ ಅಂಟು ಇದ್ದುದರಿಂದ ಸ್ಪೀಕರ್ ಹಾಕಿ ಕಲ್ಲಿನ ಮೇಲಿಟ್ಟರು.

"ಸರ್, ಮೇಡಂ ಮೇಲೆ ಅಂತಾರೆ."

"ಹಾಂ, ಮೇಡಂ ಹೇಳಿದ ಹಾಗೇ ಮಾಡ್ಬಿಡಿ."

"ಅಮ್ಮ ಕೆಳಗೆ ಅಂತಾರೆ."

"ಖಂಡಿತ. ಅಮ್ಮ ಹೇಳಿದ ಹಾಗೇ ಆಗ್ಲಿ."

"ಸರ್, ಗೋಡೆ ಒಂದೇ ಇರೋದು."

"ನಿಮ್ಮ ತೊಂದರೆ ನನಗೆ ಅರ್ಥ ಆಗುತ್ತೆ. ಮೇಲಿನವರ ಗಮನಕ್ಕೆ ತರ್ತೀನಿ."

ಫೋನು ಇಟ್ಟರು.

"ಮೇಲಿನವರು ಯಾರಮ್ಮ?" ಅಂತ ಕೆಂಪುಗೆರೆ ಕೇಳಿದರು, ನಿಜವಾಗಿಯೂ ತಿಳಿಯದೆ.

ಮೊದಲು ನಕ್ಕಿದ್ದು ಅತ್ತೆ. ಸೆರಗನ್ನು ಬಾಯಿಗೆ ತುರುಕಿಕೊಂಡು, ಭುಜ ಕುಲುಕಿಸಿ, ಹೊಸ ಕ್ಯಾಬಿನೆಟ್ಟಿಗೆ ಒರಗಿ ಕುಸಿದರು. "ಚಿಕ್ಕವನಿದ್ದಾಗ್ಲೂ ಹೀಗೇ ಕಣೇ. ಅಪ್ಪ ಬೇಕಾ ಅಮ್ಮ ಬೇಕಾ ಅಂದ್ರೆ ಹೂಂ ಅಂತಿದ್ದ." ನನಗೂ ತಡೆಯಲಾಗಲಿಲ್ಲ. ರಟ್ಟಿನ ರಾಶಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಧೂಳಿಗೆ ಇಬ್ಬರಿಗೂ ಕೆಮ್ಮು ಹತ್ತಿತು.

ಕೆಂಪುಗೆರೆಯವರು ಗಡಿಯಾರ ನೋಡಿ, "ನಾಡಿದ್ದು ಬರ್ತೀನಿ. ಅಷ್ಟರಲ್ಲಿ ಒಬ್ಬರು ಹೇಳಿ," ಎಂದು ಸಾಮಾನು ಕಟ್ಟಿಕೊಂಡು ಹೋದರು. ಪುಸ್ತಿಕೆಯಲ್ಲಿ ಇದರ ಬಗ್ಗೆ ಏನೂ ಇಲ್ಲ, ನೋಡಿದೆ.

ಮಾರ್ಚ್ ೧೧, ಮಂಗಳವಾರ

ಕೆಲಸದವರಿಲ್ಲದ ದಿನ. ಸದ್ದಿಲ್ಲ. ಹಾಲಿನಲ್ಲಿ ನಾನು ನೆಲದ ಮೇಲೆ, ಅತ್ತೆ ಮಂಚದ ಮೇಲೆ, ನಡುವೆ ಒಂದು ಬೋಗುಣಿ ಬಟಾಣಿ. ಸುಲಿಯುತ್ತಾ ಕೂತೆವು. (ಕ್ಯಾಬಿನೆಟ್ಟಿನ ಬಣ್ಣ ಇದನ್ನು ಸ್ವಲ್ಪವೂ ಹೋಲುವುದಿಲ್ಲ. ಬಟಾಣಿ ನೋಡಿದವರಾರೂ ಆ ಹೆಸರು ಇಟ್ಟಿರಲಾರರು.)

ಸುಮ್ಮನೆ ಕೇಳಿದೆ: "ನಿಮಗೆ ಅಡುಗೆ ಅಂದ್ರೆ ತುಂಬಾ ಇಷ್ಟ ಅಲ್ವಾ ಅತ್ತೆ?"

"ಯಾರು ಹೇಳಿದ್ದು?"

"ಅವರೇ. ಅಮ್ಮನಿಗೆ ಅಡುಗೆಮನೆ ಇದ್ದರೆ ಬೇರೇನೂ ಬೇಡ ಅಂತ."

ಅತ್ತೆ ಒಂದು ಕಾಯಿ ಬಿಡಿಸಿ, ಕಾಳನ್ನು ಬೋಗುಣಿಯ ಬದಲು ಬಾಯಿಗೆ ಹಾಕಿಕೊಂಡರು. "ನನಗೆ ಅಡುಗೆ ಅಂದ್ರೆ ಆಗಲ್ಲ ಕಣೇ. ಯಾವತ್ತೂ ಆಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಇವತ್ತೇನು ಮಾಡೋದು ಅಂತ ಯೋಚನೆ ಬಂದ್ರೆ ಮತ್ತೆ ರಗ್ಗು ಎಳ್ಕೊಂಡು ಮಲಗಿಬಿಡೋಣ ಅನ್ಸುತ್ತೆ."

"ಮತ್ತೆ ಅಳತೆಗೆ ಹೋಗಿ ನಿಂತಿದ್ದು?"

"ಅಡುಗೆಮನೆ ಕೈಯಲ್ಲಿದ್ದವಳನ್ನ ಯಾವಾಗ ಹೋಗ್ತೀಯ ಅಂತ ಯಾರೂ ಕೇಳಲ್ಲ. ಕೇಳಿದವರು ಅವತ್ತು ಏನು ತಿಂತಾರೆ?"

ಇದನ್ನು ಬಹಳ ಸಹಜವಾಗಿ ಹೇಳಿದರು, ಬಟಾಣಿಯ ದರ ಹೇಳುವ ಹಾಗೆ. ನಾನು ಕಾಯಿ ಸುಲಿಯುವುದನ್ನು ಮುಂದುವರಿಸಿದೆ. ಸಿಪ್ಪೆಯನ್ನು ಬೋಗುಣಿಗೆ, ಕಾಳನ್ನು ಕಸಕ್ಕೆ ಹಾಕುತ್ತಿದ್ದೇನೆ ಎಂದು ಅತ್ತೆ ಹೇಳಿದ ಮೇಲೆ ಗೊತ್ತಾಯಿತು.

"ನಿನಗೆ ಇಷ್ಟನಾ, ಅಡುಗೆ?" ಅಂತ ಅವರು ಕೇಳಿದರು.

ನನಗೆ ಇಷ್ಟವಾಗಿದ್ದು ಬಣ್ಣ. ನಾನು ನಿಂತ ಜಾಗದಲ್ಲಿ ಗೆರೆ ಎಳೆದಿದ್ದು. ಇನ್ನು ಇಲ್ಲಿಂದ ಯಾರೂ ನನ್ನನ್ನು ಕದಲಿಸುವ ಹಾಗಿಲ್ಲ ಅನಿಸಿದ್ದು. ಹಾಗೆಂದು ಹೇಳಲಿಲ್ಲ. "ಕಲೀಬೇಕು ಅಂತಿದ್ದೆ," ಅಂದೆ.

"ಕಲೀಬೇಡ," ಅಂದರು ಅತ್ತೆ. "ಒಂದು ಸಲ ಬಂದ್ರೆ ಬಂದಿದ್ದೇ."

ಮಾರ್ಚ್ ೧೨, ಬುಧವಾರ

ಕೆಂಪುಗೆರೆ ಡ್ರಿಲ್ ಹಿಡಿದು ನಿಂತರು. "ಮೇಲಾ, ಕೆಳಗಾ?"

"ಕೆಳಗೆ ಹಾಕಿ. ಅತ್ತೆಗೆ ಸಿಗಲಿ," ಅಂದೆ.

"ಮೇಲೆ ಹಾಕಿ. ಇವಳ ತಲೆಗೆ ತಾಗುತ್ತೆ," ಅಂದರು ಅತ್ತೆ.

"ಮೊನ್ನೆ ಉಲ್ಟಾ ಹೇಳಿದ್ರಲ್ಲ ಇಬ್ಬರೂ! ನನ್ನನ್ನ ಹುಚ್ಚ ಮಾಡ್ತಿದೀರಾ?"

ಅವರಿಗೆ ನಿಜಕ್ಕೂ ಕೋಪ ಬಂದಿತ್ತು. ಇಬ್ಬರೂ ಯೋಚಿಸಿದೆವು. "ಮಧ್ಯಕ್ಕೇ ಹಾಕಿ. ಸರ್ ಹೇಳಿದ ಹಾಗೇ ಇರ್ಲಿ," ಅಂದೆ. ಅತ್ತೆ ನನ್ನ ಮುಖ ನೋಡಿದರು. ಆಮೇಲೆ, "ಹೌದೌದು. ಅವನ ಮನಸ್ಸಲ್ಲಿ ಇದ್ದ ಹಾಗೇ ಆಗ್ಲಿ," ಅಂದರು.

ಸಂಜೆಯವರೆಗೆ ಕೊರೆದರು. ಕೆಳಗಿನ ಮನೆಯವರು ಬಂದು ಕೂಗಾಡಿದರು. "ನಿಮ್ಮ ತೊಂದರೆ ನಮಗೆ ಅರ್ಥ ಆಗುತ್ತೆ," ಅಂದೆವು, ನಾನೂ ಅತ್ತೆಯೂ ಒಟ್ಟಿಗೆ. ಅವರು ಸ್ವಲ್ಪವೂ ನಗಲಿಲ್ಲ. ಅವರಿಗೆ ಬುದ್ಧಿ ಇದೆ.

ಮಾರ್ಚ್ ೧೩, ಗುರುವಾರ

ಬಾಗಿಲುಗಳು ಬಂದವು. ಒಂದು ಬೇರೆ ಬಣ್ಣದ್ದು, ವಾಪಸು ಹೋಗಿ ಬಂತು. ಪ್ರತಿ ಬಾಗಿಲಿನ ಕೀಲಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಸಂದು ಸಮ ಮಾಡುತ್ತಾರೆ. ನೋಡುತ್ತಾ ಕೂರಲು ಹಿತ. ಅತ್ತೆ ಹೊಲಿಗೆ ಯಂತ್ರವನ್ನು ಕಿಟಕಿಯ ಬಳಿಗೆ ಎಳೆದು, ನನ್ನ ಎರಡು ಸಡಿಲ ಕುರ್ತಾಗಳನ್ನು ಸರಿ ಮಾಡಿಕೊಟ್ಟರು. ಅಳತೆ ತೆಗೆಯುವಾಗ ಕುರ್ಚಿ ಹತ್ತಿದ್ದರು.

ಅತ್ತೆಯ ಮಗ ಬರುವಾಗ ಇಬ್ಬರಿಗೂ ಒಂದೊಂದು ಐಸ್‌ಕ್ರೀಮು ತಂದರು. ಒಂದೇ ರುಚಿಯದು. ಇಬ್ಬರಿಗೂ ಇಷ್ಟವಿಲ್ಲದ್ದು.

ಮಾರ್ಚ್ ೧೫, ಶನಿವಾರ

ಮುಗಿಯಿತು! ಮೂರು ದಿನದ ಕೆಲಸ, ಯಾವ ಮೂರು ದಿನ ಎಂದು ಮಾತ್ರ ಪುಸ್ತಿಕೆಯವರೇ ಹೇಳಬೇಕು.

ಒಪ್ಪಿಸುವ ದಿನ ಕಂಪನಿಯವರದ್ದು ಒಂದು ಕ್ರಮ ಇದೆ. ಅಡುಗೆ ಮಾಡುವವರು ಕಟ್ಟೆಯ ಮುಂದೆ ನಿಂತು, ಎಲ್ಲ ಬಾಗಿಲು ಡ್ರಾಯರುಗಳನ್ನು ತಾವೇ ತೆಗೆದು ಮುಚ್ಚಿ ನೋಡಬೇಕು. ಆಮೇಲೆ ಫಿಟ್ಟರು ಕೈಮುಗಿದು ಹೋಗುತ್ತಾರೆ. ಕೆಂಪುಗೆರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅತ್ತೆಯ ಮಗನೂ ಮನೆಯಲ್ಲಿದ್ದರು, ಬಾಗಿಲಿಗೆ ಒರಗಿ.

"ಬನ್ನಿ, ಅಡುಗೆ ಮಾಡೋರು ಯಾರು?"

"ಅತ್ತೆ," ಅಂದೆ.

ಅತ್ತೆ ಹೋಗಿ ನಿಂತರು. ಕಟ್ಟೆ ಅವರ ಎದೆಯ ಹತ್ತಿರ ಬಂತು. ಮೇಲಿನ ಹಿಡಿ ಹಿಡಿಯಲು ತುದಿಗಾಲಲ್ಲಿ ನಿಂತು ಹಾರಿದರು, ನನಗೆ ಗೊತ್ತಿರುವ ಹಾಗೆ ಸ್ವಲ್ಪ ಹೆಚ್ಚೇ ಹಾರಿದರು. "ಅಯ್ಯಪ್ಪಾ, ನನ್ನ ಕೈ! ಆಗಲ್ಲಪ್ಪ. ನೀನು ಬಾ ಕಣೇ."

ನಾನು ಹೋಗಿ ನಿಂತೆ. ಬಗ್ಗಿದೆ. ಏಳುವಾಗ ತೆರೆದಿದ್ದ ಬಾಗಿಲಿಗೆ ತಲೆ ಹೊಡೆದುಕೊಂಡೆ. ಇದು ನಟನೆ ಅಲ್ಲ, ಬುಗುಟು ಇನ್ನೂ ಇದೆ.

"ಛೆ, ಛೆ," ಅಂದರು ಅತ್ತೆ. "ಇಬ್ಬರಿಗೂ ಆಗಲ್ಲ. ಇಷ್ಟು ಚೆನ್ನಾಗಿರೋ ಅಡುಗೆಮನೆ, ಪಾಪ."

ಕೆಂಪುಗೆರೆಯವರ ಮುಖ ಬಾಡಿತು. ಅಷ್ಟು ಒಳ್ಳೆಯ ಕೆಲಸಗಾರರು, ಇಸ್ತ್ರಿ ಅಂಗಿ ಬೇರೆ. ನನಗೆ ನಿಜವಾಗಿ ಮರುಕ ಬಂತು. ಆದ್ದರಿಂದಲೇ ಹೇಳಿದೆ, ಬೇರೆ ಉದ್ದೇಶ ಇರಲಿಲ್ಲ: "ರೀ, ನೀವೊಂದು ಸಲ ನಿಂತು ನೋಡಿ."

ಅವರು "ಆಗ್ಲಿ" ಅಂದರು. ಬೇರೇನು ಅನ್ನುತ್ತಾರೆ?

ನಿಂತರು. ಮೊಣಕೈ ಮಡಚಿದರು. ಕೆಂಪುಗೆರೆ ಟೇಪು ಹಿಡಿದು ನೋಡಿದರು, ಇನ್ನೊಮ್ಮೆ ನೋಡಿದರು. ಅಂಗೈಯಗಲ, ಸರಿಯಾಗಿ. ಕೈ ಎತ್ತಿದರೆ ಮೊದಲ ಹಲಗೆ ಬೆರಳಿಗೆ ಬಂದು ಕೂತಿತು. ಹಿಮ್ಮಡಿ ನೆಲದಲ್ಲೇ ಇತ್ತು.

"ಸರ್! ಅಳತೆ ಕೊಟ್ಟು ಹೊಲಿಸಿದ ಹಾಗಿದೆಯಲ್ಲ ಸರ್! ಇಷ್ಟು ಸರಿಯಾಗಿ ಕೂತ ಅಡುಗೆಮನೆ ನಾನು ಇದುವರೆಗೆ ಕೊಟ್ಟೇ ಇಲ್ಲ! ಮೊದಲೇ ಹೇಳಬಾರದಾ, ಅಡುಗೆ ಮಾಡೋರು ನೀವು ಅಂತ?" ಎಂದು ಅವರ ಕೈ ಹಿಡಿದು ಕುಲುಕಿದರು.

ಅತ್ತೆಯ ಮಗ ನನ್ನ ಕಡೆ ನೋಡಿದರು. ಅಮ್ಮನ ಕಡೆ ನೋಡಿದರು. ಇಬ್ಬರಲ್ಲಿ ಯಾರಿಗಾದರೂ ಬೇಜಾರಾಗಿದೆಯೇ ಎಂದು ಹುಡುಕುತ್ತಿದ್ದರು ಅನಿಸುತ್ತದೆ. ಸಿಗಲಿಲ್ಲ.

"ಆದ್ರೆ ನನಗೆ ಅಡುಗೆ ಬರಲ್ವಲ್ಲ," ಅಂದರು.

"ಹುಟ್ಟುವಾಗ ನನಗೂ ಬರ್ತಿರ್ಲಿಲ್ಲ," ಅಂದರು ಅತ್ತೆ.

ಅವರು ಎಲ್ಲ ಬಾಗಿಲು ಡ್ರಾಯರುಗಳನ್ನು ತೆಗೆದು ಮುಚ್ಚಿದರು. ಒಂದೂ ಸದ್ದು ಮಾಡಲಿಲ್ಲ. ಎಷ್ಟು ಚೆನ್ನಾಗಿ ಕೂಡಿಸಿದ್ದಾರೆ!

ಮಾರ್ಚ್ ೨೩, ಭಾನುವಾರ

ಒಂದು ವಾರ ಬರೆಯಲು ಆಗಲಿಲ್ಲ. ಮದುವೆಯ ರಜೆ ಮುಗಿದು ಅಂಗಡಿಗೆ ಮತ್ತೆ ಹೋಗುತ್ತಿದ್ದೇನೆ. ಎಲ್ಲ ಚೆನ್ನಾಗಿದೆ. ನಾನು ಮದುವೆಯಾಗಿದ್ದು ಬಹಳ ಒಳ್ಳೆಯದಾಯಿತು ಎಂದು ಇವತ್ತು ಬೆಳಿಗ್ಗೆ ಯಾವ ಕಾರಣವೂ ಇಲ್ಲದೆ ಅನಿಸಿತು.

ಮಧ್ಯಾಹ್ನ ನಾದಿನಿಯ ಫೋನು. "ಕೆಲಸ ಮುಗೀತಂತಲ್ಲ, ಅಮ್ಮನ್ನ ಯಾವಾಗ ಕಳಿಸ್ತೀರ? ಇಲ್ಲಿ ಮಂಚ ಹಾಕೋಕೆ ಜಾಗ ಮಾಡ್ಬೇಕು."

"ಜಾಗ ಮಾಡಬೇಡಿ," ಅಂದೆ.

ಅತ್ತೆ ಕೇಳಿಸಿಕೊಂಡರು ಅನಿಸುತ್ತದೆ. ಯಂತ್ರದ ಸೂಜಿಗೆ ದಾರ ಪೋಣಿಸುವುದು ಮೂರು ಸಲ ತಪ್ಪಿತು. ನಾಳೆ ಅಂಗಡಿಗೆ ಕರೆದುಕೊಂಡು ಹೋಗಿ ಕಣ್ಣು ನೋಡಬೇಕು. ಅವರದೇ ನಂಬರು ನೋಡಬೇಕು.

ಈಗ ಸಂಜೆ. ಅತ್ತೆಯ ಮಗ ಅಡುಗೆಮನೆಯಲ್ಲಿದ್ದಾರೆ. ನಾನೂ ಅತ್ತೆಯೂ ಹಾಲಿನಲ್ಲಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದೇವೆ. ಬರೆಯುತ್ತಿರುವಾಗಲೇ ಒಳಗಿಂದ ಕೂಗು ಬಂತು: "ಅಮ್ಮಾ, ಅನ್ನಕ್ಕೆ ನೀರು ಎಷ್ಟು?"

ಅತ್ತೆಯ ಕಾಲು ತಾನಾಗಿಯೇ ನೆಲಕ್ಕಿಳಿಯಿತು. ಅವರ ಮುಖ ಇನ್ನೂ ನನ್ನ ಕಡೆಗೇ ಇತ್ತು, ಮಾತು ಅರ್ಧದಲ್ಲಿತ್ತು, ದೇಹ ಮಾತ್ರ ಎದ್ದು ಹೊರಟಿತ್ತು. ನಾನು ಅವರ ಸೆರಗಿನ ತುದಿ ಹಿಡಿದೆ.

"ಕೂತ್ಕೊಳ್ಳಿ ಅತ್ತೆ."

"ಒಂದೇ ನಿಮಿಷ ಕಣೇ. ಹೇಳಿ ಬಂದ್ಬಿಡ್ತೀನಿ."

"ಬೇಡ."

"ಕೆಟ್ಟುಹೋಗುತ್ತೆ."

"ಹೋಗ್ಲಿ."

ಕೂತರು. ಕಾಲನ್ನು ಮೇಲಕ್ಕೆ ಎಳೆದುಕೊಂಡರು. ಎರಡೂ ಕೈಯನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟು ಬಿಗಿಯಾಗಿ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ತಳ ಹತ್ತಿದ ವಾಸನೆ ಬಂತು. ಇಬ್ಬರೂ ಕೂತೇ ಇದ್ದೇವೆ.